ವಿದ್ಯುತ್ತಿಲ್ಲದೆ ಕೂತ ಬೆಳ್ಳಿ

ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ಬಲವಾಗಿ ನಂಬಿದ್ದವನು ನಾನು. ಯಾರಾದರೂ ವಿಚಿತ್ರ ಅನುಭವ ಹೇಳಿದರೆ, ಮೊದಲು ದಿನ, ಗಂಟೆ ಕೇಳುತ್ತಿದ್ದೆ. ಅಲ್ಲಿಗೇ ಅರ್ಧ ಕಥೆ ಕುಸಿಯುತ್ತಿತ್ತು. ಆದ್ದರಿಂದ ನನ್ನದನ್ನು ಹೇಳುವ ಮುನ್ನ ದಿನಚರಿ, ಪ್ರಯೋಗದ ಪುಸ್ತಕ, ಕರೆಂಟ್ ಕಡಿತದ ಮೊಬೈಲ್ ಸಂದೇಶ ಮೂರನ್ನೂ ತಾಳೆ ನೋಡಿದ್ದೇನೆ. ಅದು ನಾನು ನಿವೃತ್ತನಾದ ಎರಡನೆಯ ವರ್ಷದ ಒಂದು ಭಾನುವಾರ, ಮಧ್ಯಾಹ್ನ.

ನನ್ನ ಕೊನೆಯ ವಿದ್ಯಾರ್ಥಿನಿ ಸುಮಾ ಹೇರೋಹಳ್ಳಿಯ ಒಂದು ಪುಟ್ಟ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮುಗಿಸುತ್ತಿದ್ದಳು. ಕೋಲೀನ್ ಕ್ಲೋರೈಡ್, ಯೂರಿಯಾ ಎರಡೂ ಬಿಳಿ ಪುಡಿಗಳು. ಬೆರೆಸಿ ಕಾಯಿಸಿದರೆ ಹನಿ ನೀರಿಲ್ಲದೆಯೇ ತಿಳಿಯಾದ ದ್ರವವಾಗುತ್ತವೆ. ಅದರಲ್ಲಿ ಬೆಳ್ಳಿಯ ಲವಣ ಕರಗಿಸಿ ವಿದ್ಯುತ್ ಹರಿಸಿದರೆ, ಇಂಗಾಲದ ಕಡ್ಡಿಯ ಮೇಲೆ ಅತಿಸೂಕ್ಷ್ಮ ಬೆಳ್ಳಿಯ ಕಣಗಳು ಕೂರುತ್ತವೆ. ಸುಮಾಳಿಗೆ ಒಮ್ಮೆ ಎಲ್ಲ ಕಣಗಳೂ ಒಂದೇ ಗಾತ್ರದಲ್ಲಿರುವ ನಯವಾದ ಬೂದು ಪೊರೆ ಬಂದಿತ್ತು. ಪ್ರಬಂಧದ ಮುಖ್ಯ ಅಧ್ಯಾಯ ಅದರ ಮೇಲೆಯೇ ನಿಂತಿತ್ತು. ಆಮೇಲೆ ಹನ್ನೊಂದು ಸಲ ಮಾಡಿದರೂ ಅದು ಮರಳಿ ಬರಲಿಲ್ಲ. ಹನ್ನೆರಡನೆಯದೂ ಸೋತರೆ ಆ ಅಧ್ಯಾಯ ತೆಗೆಯಬೇಕೆಂದು ಹೇಳಲು ನಾನು ಹೋಗಿದ್ದೆ.

ಪ್ರತಿ ಕಡ್ಡಿಯ ತುದಿಯಲ್ಲಿ ಪ್ರಯೋಗದ ಸಂಖ್ಯೆ ಗೀಚುವುದು, ಕೊಠಡಿ ಬಿಡುವ ಮುನ್ನ ತಂತಿಗಳನ್ನು ಕಳಚಿ ಮೇಜಿನ ಮೇಲಿಡುವುದು ನನ್ನ ರೂಢಿ. ಅಂದು ಹನ್ನೆರಡು ಎಂದು ಗೀಚಿ ಕಡ್ಡಿಯನ್ನು ದ್ರವಕ್ಕೆ ಇಳಿಸಿದೆ. ಯಂತ್ರ ಹಚ್ಚುವ ಮೊದಲೇ ಕರೆಂಟ್ ಹೋಯಿತು. ತಂತಿ ಕಳಚಿದೆ, ಬೀಗ ಹಾಕಿದೆ, ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಇಬ್ಬರೂ ಎದುರಿನ ದರ್ಶಿನಿಗೆ ಊಟಕ್ಕೆ ಹೋದೆವು.

"ಟೈಮ್ ಬರ್ಕೊಂಡ್ರಾ ಸಾರ್? ನಿಮ್ ಪುಸ್ತಕಕ್ಕೂ ಗಡಿಯಾರಕ್ಕೂ ಜಗಳ ಬಂದ್ರೆ, ನೀವು ಗಡಿಯಾರಾನೇ ಬದಲಾಯಿಸ್ತೀರ" ಎಂದು ನಗಿಸಲು ನೋಡಿದಳು. ಅವಳ ತಟ್ಟೆಯ ಅನ್ನ ಹಾಗೇ ಉಳಿದಿತ್ತು.

ಒಂದು ಗಂಟೆಯ ನಂತರ ಬೀಗ ತೆಗೆದೆ. ಕರೆಂಟ್ ಇನ್ನೂ ಬಂದಿರಲಿಲ್ಲ. ತಂತಿಗಳು ಮೇಜಿನ ಮೇಲೆಯೇ ಇದ್ದವು. ಕಡ್ಡಿಯನ್ನು ಎತ್ತಿದೆ. ಕಪ್ಪು ಇಂಗಾಲದ ಮೇಲೆ ಬೂದು ಪೊರೆ. ತುದಿ ತಿರುಗಿಸಿ ಸಂಖ್ಯೆ ನೋಡಿದೆ: ಹನ್ನೆರಡು.

"ಇದೇ ಸಾರ್, ಇದೇ ನಂಗೆ ಬಂದಿದ್ದು!"

"ಕರೆಂಟೇ ಇರ್ಲಿಲ್ವಲ್ಲಮ್ಮ."

ನಾನು ಪ್ರಯೋಗದ ಪುಸ್ತಕ ತೆರೆದಾಗ ಅವಳು ಕೇಳಿದಳು, "ಅದನ್ನ ಬರೀಲೇಬೇಕಾ ಸಾರ್?"

ಬರೆದೆ. ವಿದ್ಯುತ್: ಇಲ್ಲ. ಫಲಿತಾಂಶ: ಬಂದಿದೆ. ಕೆಳಗೆ ಸಹಿ ಹಾಕಿದೆ. ಅವಳೂ ಹಾಕಿದಳು, ನನ್ನ ಮುಖ ನೋಡದೆ.

ಬೆಳಕು ಕಾರಣವಿರಬಹುದೇ, ದ್ರವ ತೇವ ಹೀರಿತ್ತೇ ಎಂದು ಶಂಕಿಸಿ, ಅದೇ ಸೀಸೆಯ ದ್ರವದಲ್ಲಿ ಅದೇ ಕಿಟಕಿಯ ಬಳಿ ಬೇರೆ ಕಡ್ಡಿಗಳನ್ನು ವಾರವಿಡೀ ಮುಳುಗಿಸಿಟ್ಟೆ. ಏನೂ ಕೂರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಹನ್ನೆರಡನೆಯ ಕಡ್ಡಿಯ ಕಣಗಳು ಸುಮಾಳ ಹಳೆಯ ಚಿತ್ರದಲ್ಲಿದ್ದ ಗಾತ್ರವೇ ಇದ್ದವು. ಅಂಥ ಫಲಿತಾಂಶವನ್ನು ಯಾವ ಪರೀಕ್ಷಕರ ಮುಂದೆಯೂ ಇಡುವಂತಿರಲಿಲ್ಲ. ಆ ಅಧ್ಯಾಯವಿಲ್ಲದೆಯೇ ಅವಳು ಪದವಿ ಪಡೆದಳು. ಆಮೇಲೆ ನನಗೆ ಫೋನ್ ಮಾಡಿಲ್ಲ.

ಕಡ್ಡಿ ಆರ್‌ಪಿಸಿ ಲೇಔಟಿನ ನಮ್ಮ ಮನೆಯ ಮೇಜಿನ ಖಾನೆಯಲ್ಲಿದೆ, ಆ ಪುಟದ ನಕಲಿನೊಂದಿಗೆ. ನಾನು ಬರೆದುದರಲ್ಲಿ ಎಲ್ಲಾದರೂ ಒಂದು ತಪ್ಪು ಸಿಗಲೆಂದು ಆಗಾಗ ತೆಗೆದು ಓದುತ್ತೇನೆ. ಇದುವರೆಗೆ ಸಿಕ್ಕಿಲ್ಲ.