ಈರನ ಬಲೆಯೂ ಗುಬ್ಬಿಯ ಜಾತಿಯೂ

ಮಾವಿನಕುರ್ವೆಯ ಈರನಿಗೆ ಮೀನಿನ ವಿಷಯದಲ್ಲಿ ಎದುರಾಡುವವರಿಲ್ಲ. ನೀರಿನ ಬಣ್ಣ ನೋಡಿಯೇ ಕೆಳಗಿರುವುದು ಬಂಗಡೆಯೋ ತಾರಲೆಯೋ ಹೇಳಿಬಿಡುತ್ತಾನೆ. ಹಕ್ಕಿಗಳಲ್ಲಿ ಮಾತ್ರ ಅವನಿಗೆ ಗೊತ್ತಿದ್ದದ್ದು ಎರಡೇ ಜಾತಿ: ಮೀನು ಕದಿಯುವುದು, ಕದಿಯದ್ದು.

ಮಳೆಗಾಲದಲ್ಲಿ ಮೀನುಗಾರಿಕೆಗೆ ನಿಷೇಧವಿರುವ ಎರಡು ತಿಂಗಳು ಬಲೆಯನ್ನು ಸುತ್ತಿ ಜಗಲಿಯ ತೊಲೆಗೆ ತೂಗುಹಾಕುವುದು ಅವನ ಪದ್ಧತಿ. ಜುಲೈ ಕೊನೆಗೆ ಇಳಿಸಹೋದರೆ ಅದರ ಮಡಿಕೆಯಲ್ಲಿ ಹುಲ್ಲಿನ ಗೂಡು, ಗೂಡಿನಲ್ಲಿ ಕಣ್ಣು ಬಿಡದ ನಾಲ್ಕು ಮರಿ! ಮನೆಯಲ್ಲಿ ಗೂಡು ಕಟ್ಟಿದ ಗುಬ್ಬಿಯನ್ನು ಎಬ್ಬಿಸಕೂಡದು ಎಂದು ಹೆಂಡತಿ ಮಾಸ್ತಮ್ಮ ಪಟ್ಟುಹಿಡಿದಳು. ಮರಿ ಹಾರುವವರೆಗೆ ಕಾದರೆ ಕಡಲಿಗಿಳಿಯುವ ಮೊದಲ ದಿನ ತಪ್ಪುತ್ತದೆ. ಮೂವತ್ತು ವರ್ಷದಲ್ಲಿ ಈರ ಒಮ್ಮೆಯೂ ಅದನ್ನು ತಪ್ಪಿಸಿಕೊಂಡವನಲ್ಲ. ಉಳಿದದ್ದು ಒಂದೇ ದಾರಿ. ಅದು ಗುಬ್ಬಿಯೇ ಅಲ್ಲ ಎಂದು ಸಾಧಿಸಬೇಕು.

“ಗುಬ್ಬಿಗೆ ಕಪ್ಪು ಗಡ್ಡ ಇರ್ತದೆ. ಇದ್ಕೆಲ್ಲಿದೆ? ಇದು ಎಂತದೋ ಬೇರೆ,” ಎಂದ, ಗೂಡಿನಂಚಿಗೆ ಬಂದು ಕೂತ ಹಕ್ಕಿಯನ್ನು ತೋರಿಸಿ.

“ಹೆಣ್ಣಿಗೆ ಗಡ್ಡ ಬರ್ತದಾ? ನಂಗೆ ಬಂದದ್ಯಾ?” ಎಂದಳು ಮಾಸ್ತಮ್ಮ.

ಅಷ್ಟರಲ್ಲಿ ಗಂಡು ಹುಳ ಕಚ್ಚಿಕೊಂಡು ಬಂತು. ಬೂದು ನೆತ್ತಿ, ಕಪ್ಪು ಗಂಟಲು. “ಇವ ನೆಂಟ ಇರ್ಬೇಕು,” ಎಂದ ಈರ. ನಾಚಿಕೆಯಾದರೂ ಬೇಡವೇ ಮನುಷ್ಯನಿಗೆ!

ಹೊನ್ನಾವರದ ಕಾಲೇಜಿನಲ್ಲಿ ಓದುವ ಮಗಳು ಧನ್ಯಶ್ರೀಯನ್ನು ಕರೆದು, ಗೀಜಗ ಇರಬಹುದೇ ಎಂದು ಕೇಳಿದ.

“ಗೀಜಗ ಗೂಡು ನೇಯ್ದು ಮರಕ್ಕೆ ತೂಗಾಕ್ತದೆ ಅಪ್ಪಾ.”

“ಇದೂ ತೂಗ್ತಾ ಇದ್ಯಲ್ಲ!”

“ತೂಗಾಕಿದ್ದು ನೀನು.”

ಹಾಗಾದರೆ ರಾಟವಾಳ? ಅದರ ಹೊಟ್ಟೆಯ ಮೇಲೆ ಮೀನಿನ ಹುರುಪೆಯಂಥ ಗುರುತಿರುತ್ತದಂತೆ. ಕಾಡಿನ ಹಳದಿ ಕತ್ತಿನ ಗುಬ್ಬಿ? “ಅದ್ರ ಕತ್ತಲ್ಲಿ ಹಳದಿ ಬೊಟ್ಟು, ಹೆಗಲಲ್ಲಿ ಕಂದು ಪಟ್ಟಿ. ಮರದ ಪೊಟರೆಲಿ ಇರ್ತದೆ. ಇದ್ರ ಕಣ್ಣಿನ ಹಿಂದೆ ಮಾಸಲು ಗೆರೆ ನೋಡು. ಮನೆಗುಬ್ಬಿನೇ,” ಎಂದು ಮಗಳು ಕೇಸು ಮುಗಿಸಿದಳು.

ಆಗಸ್ಟ್ ಒಂದರ ಬೆಳಿಗ್ಗೆ ದೋಣಿಗಳೆಲ್ಲ ಅಳಿವೆಯತ್ತ ಹೊರಟ ಸದ್ದು ಕೇಳಿ ಈರನಿಗೆ ಅಳುವೇ ಬಂತು. ಗೂಡಿನತ್ತ ನೋಡಿದ. ನಾಲ್ಕೂ ಬಾಯಿ ತೆರೆದು ಕೂತಿದ್ದವು. ಒಳಗೆ ಹೋಗಿ ಚೂರಿ ತಂದ. ಮಾಸ್ತಮ್ಮ ಬೊಬ್ಬೆ ಹಾಕಿದಳು. ಅವನು ಗೂಡಿದ್ದ ಮಡಿಕೆಯನ್ನಷ್ಟೇ ಕತ್ತರಿಸಿ ತೊಲೆಗೆ ಬಿಗಿದು, ಉಳಿದ ಬಲೆಯನ್ನು ಹೆಗಲಿಗೇರಿಸಿ ದೋಣಿಯತ್ತ ನಡೆದ.

ಕಡಲಲ್ಲಿ ಪಕ್ಕದ ದೋಣಿಯ ಜಗದೀಶ ಬಲೆಯ ದೊಡ್ಡ ತೂತು ಕಂಡು ಕೂಗಿದ: “ಎಂತ ಹರೀತೋ ಅದನ್ನ? ಡಾಲ್ಫಿನ್ನಾ?”

“ಗುಬ್ಬಿ.”

“ಗುಬ್ಬಿಯಾ? ಯಾವ ಗುಬ್ಬಿ ಮಾರಾಯಾ?”

ಈರ ಎಂಜಿನ್ ಬಂದ್ ಮಾಡಿದ. ಗುಬ್ಬಿಯಂತೆ ಕಾಣುವ ಹಕ್ಕಿಗಳಲ್ಲಿ ಎಷ್ಟು ಜಾತಿ, ಯಾವುದರ ಗುರುತೇನು ಎಂದು ಕೈಬೀಸಿ ವಿವರಿಸತೊಡಗಿದ. ಜಗದೀಶನೂ ಬಾಯಿ ಬಿಟ್ಟುಕೊಂಡು ಕೇಳಿದ. ಮೂರನೆಯ ಜಾತಿಗೆ ಬರುವಷ್ಟರಲ್ಲಿ ವರ್ಷದ ಮೊದಲ ಬಂಗಡೆ ಹಿಂಡು ಎರಡೂ ದೋಣಿಗಳ ಅಡಿಯಿಂದ ದಾಟಿ ಹೋಗಿತ್ತು.