ಅಪ್ಪನ ದನಿ ತರಲು ಜಗಳೂರಿಗೆ

ನ್ಯಾಮತಿಯಿಂದ ಬೆಳಗಿನ ಏಳು ಗಂಟೆಯ ಬಸ್ಸಿಗೆ ಹೊರಟೆ. ಹೆಗಲಿಗೊಂದು ಚೀಲ, ಕೈಯಲ್ಲೊಂದು ಕೊಡೆ, ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ ರಜೆ ಅದು. ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನಾನು, ತೀರಿಹೋದ ಮನುಷ್ಯನ ದನಿಯನ್ನು ಹಿಡಿದು ತರಲು ಹೋಗುತ್ತಿದ್ದೇನೆಂದು ನಮ್ಮ ಹೆಡ್‌ಮಾಸ್ತರಿಗೆ ಗೊತ್ತಾಗಿದ್ದರೆ ವರ್ಷಪೂರ್ತಿ ನನ್ನ ಕಾಲೆಳೆಯುತ್ತಿದ್ದರು. ಹಾಗಾಗಿ ಯಾರಿಗೂ ಹೇಳಲಿಲ್ಲ.

ಅಪ್ಪ ಊರೂರಿಗೆ ಟೆಂಟು ಒಯ್ದು ಸಿನಿಮಾ ತೋರಿಸುವ ಒಂದು ಟೂರಿಂಗ್ ಟಾಕೀಸಿನಲ್ಲಿ ಪ್ರಚಾರದ ಕೆಲಸ ಮಾಡುತ್ತಿದ್ದರು. ಎತ್ತಿನ ಗಾಡಿಯ ಎರಡೂ ಪಕ್ಕಕ್ಕೆ ಪೋಸ್ಟರು ಅಂಟಿಸಿದ ತಟ್ಟಿ, ಮೇಲೊಂದು ಲೌಡ್‌ಸ್ಪೀಕರು, ಒಳಗೆ ಬ್ಯಾಟರಿ ಪಕ್ಕದಲ್ಲಿ ಮೈಕು ಹಿಡಿದು ಕೂತ ಅಪ್ಪ. ಗಾಡಿಯ ಹಿಂದೆ ಹಳದಿ, ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲಿಗಾಗಿ ಓಡುವ ಮಕ್ಕಳು. ಟೆಂಟು ಯಾವ ಊರಿನಲ್ಲಿ ಬೀಡುಬಿಟ್ಟಿತೋ ಅಪ್ಪನೂ ಆ ಊರಿನಲ್ಲೇ. ಮನೆಗೆ ಬರುವುದು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಟೆಂಟು ಮುಚ್ಚಿದರೆ ಒಟ್ಟಿಗೆ ಎರಡು ಮೂರು ತಿಂಗಳು. ಎದೆಬೇನೆಯಿಂದ ಅವರು ನ್ಯಾಮತಿಯ ಮನೆಯಲ್ಲೇ ಕಣ್ಣು ಮುಚ್ಚಿ ಆಗಲೇ ಹನ್ನೊಂದು ತಿಂಗಳಾಗಿತ್ತು.

ಹೀಗಿರುವಾಗ ಪಕ್ಕದ ಮನೆಯ ರುದ್ರಣ್ಣ, ಕಂಬಳಿ ವ್ಯಾಪಾರಕ್ಕೆ ಊರೂರು ತಿರುಗುವವರು, ಒಂದು ಸಂಜೆ ಬಂದು ಕಟ್ಟೆಯ ಮೇಲೆ ಕೂತು ನೀರು ಕೇಳಿದರು. ಕುಡಿದ ಮೇಲೆ ಅವ್ವನ ಮುಖ ನೋಡದೆ, "ಅತ್ತಿಗೆ, ಚನ್ನಗಿರಿಯಾಗೆ ಅಣ್ಣನ ದನಿ ಕೇಳ್ದೆ. ಗಾಡ್ಯಾಗೆ ಕೂಗ್ತಿದ್ರು. ಹೊಸಾ ಪಿಚ್ಚರ್ ಹೆಸ್ರು ಹೇಳ್ತಿದ್ರು" ಅಂದರು.

ಯಾವುದೋ ಕ್ಯಾಸೆಟ್ ಇರಬೇಕು ಎಂದು ನಾನು ಹೇಳಿದೆ. ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. "ಮಣ್ಣು ಮಾಡಿದ ಮ್ಯಾಲೂ ಊರೂರು ಅಲೆಸ್ತಾರಲ್ಲ ಅವರ್ನ. ಅವರು ಮನಿಗೆ ಬರೋ ತನಕ ನಾನು ವರ್ಷದ ಎಡೆ ಇಡಲ್ಲ. ಊರ ಮೇಲೆ ತಿರುಗೋರಿಗೆ ಇಲ್ಲಿ ಎಡೆ ಇಟ್ರೆ ಯಾರು ಉಣ್ತಾರೆ?" ಅಂದಳು. ಅವತ್ತಿನಿಂದ ಅವ್ವ ಒಂದೇ ಹೊತ್ತು ಉಣ್ಣತೊಡಗಿದಳು. ನಾನು ಹೊರಡುವ ಹೊತ್ತಿಗೆ ವರ್ಷದ ದಿನಕ್ಕೆ ಇನ್ನು ಇಪ್ಪತ್ತು ದಿನವಿತ್ತು, ಅವ್ವನ ರವಿಕೆ ಆಗಲೇ ಸಡಿಲವಾಗಿತ್ತು. ನನಗೆ ಹೊರಡದೆ ಬೇರೆ ದಾರಿ ಇರಲಿಲ್ಲ.

ಹೊನ್ನಾಳಿಗೆ ಟಿಕೆಟ್ ಒಂದೂವರೆ ರೂಪಾಯಿ. ತುಂಗಭದ್ರೆಯಲ್ಲಿ ನೀರು ಇಳಿದು ಬಂಡೆಗಳು ಎದ್ದಿದ್ದವು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಿಂದು, ಹತ್ತಿರದಲ್ಲೇ ಇದ್ದ ಕ್ಯಾಸೆಟ್ ಅಂಗಡಿಗೆ ಹೋದೆ. ಅಪ್ಪ ಕ್ಯಾಸೆಟ್ ಮಾಡಿಸಿದ್ದರೆ ಅಲ್ಲೇ ಮಾಡಿಸಿರಬೇಕು, ಅವರಿಗೆ ಗುರುತಿನ ಅಂಗಡಿ ಅದೊಂದೇ. ಆಗ ಹಾಡು ಬೇಕಾದವರು ಪಟ್ಟಿ ಬರೆದು, ಖಾಲಿ ಕ್ಯಾಸೆಟ್ ಜೊತೆ ಕೊಟ್ಟು ಬರಬೇಕಿತ್ತು. ಮೂರು ದಿನ ಬಿಟ್ಟು ಹೋದರೆ ತುಂಬಿಸಿ ಇಟ್ಟಿರುತ್ತಿದ್ದರು. ಪ್ರೀತಿ ಮಾಡುವವರು ಯಾರು, ಪ್ರೀತಿ ಮುರಿದವರು ಯಾರು ಎಂದು ಪಟ್ಟಿ ನೋಡಿಯೇ ಹೇಳುವಷ್ಟು ಪಳಗಿದ್ದ ಅಂಗಡಿಯವನು ಮಂಜಣ್ಣ.

ನಾನು ಯಾರೆಂದು ಹೇಳಿ ಕ್ಯಾಸೆಟ್ಟಿನ ವಿಷಯ ಕೇಳುತ್ತಲೇ ಆತ ಟೇಪು ನಿಲ್ಲಿಸಿ ಎದ್ದು ನಿಂತ. "ಹೌದ್ರಿ ಟೀಚರ್, ರೆಕಾರ್ಡ್ ಮಾಡಿದ್ದು ನಾನೇ. ಹೋದ ವರ್ಷ ಕೆಮ್ಮು ಜಾಸ್ತಿ ಆಗಿ ದನಿ ನಿಲ್ತಾ ಇರ್ಲಿಲ್ಲ ಅವರಿಗೆ. ನಾನಿಲ್ಲದಿದ್ರೂ ಗಾಡಿ ನಿಲ್ಲಬಾರ್ದು ಅಂತ ಬಂದ್ರು. ಪಿಚ್ಚರ್ ಹೆಸ್ರು ಒಂದ್ ಬಿಟ್ಟು ಮಿಕ್ಕಿದ್ದೆಲ್ಲಾ ಹೇಳಿದ್ರು. ಹೆಸ್ರು ಬರೋ ಜಾಗ ಖಾಲಿ ಬಿಟ್ರು, ಗಾಡಿಯೋರು ಅಲ್ಲಿ ಕೂಗಿಕೊಳ್ಲಿ ಅಂತ."

"ಇನ್ನೊಂದು ಕಾಪಿ ಇದೆಯಾ?"

"ಇತ್ತು. ಯಾರದೋ ಮದುವಿಗೆ ಖಾಲಿ ಕ್ಯಾಸೆಟ್ ಸಾಲ್ದೆ ಅದರ ಮ್ಯಾಲೇ ಹಾಡು ತುಂಬಿಸಿಬಿಟ್ಟೆ" ಎಂದು ತಲೆ ಕೆರೆದುಕೊಂಡ. ಅವನ ಮೇಲೆ ಸಿಟ್ಟು ಬಂತು. ಹೇಳಿ ಪ್ರಯೋಜನವಿರಲಿಲ್ಲ. ಆ ಕಾಲದಲ್ಲಿ ನಾವೆಲ್ಲರೂ ಮಾಡುತ್ತಿದ್ದ ತಪ್ಪೇ ಅದು. ಒಂದು ಹಾಡಿಗಾಗಿ ಅಜ್ಜಿಯ ಪದ, ಮಗುವಿನ ಮೊದಲ ತೊದಲು ಎಲ್ಲವನ್ನೂ ಅಳಿಸಿದ್ದೇವೆ. ಈಗ ಉಳಿದಿದ್ದು ಟೆಂಟಿನವರ ಹತ್ತಿರ ಇರುವ ಒಂದೇ ಕ್ಯಾಸೆಟ್.

ಚನ್ನಗಿರಿ ತಲುಪಿದಾಗ ಹನ್ನೆರಡು ದಾಟಿತ್ತು. ಊರ ಹೊರಗಿನ ಬಯಲಿಗೆ ನಡೆದೆ. ಟೆಂಟು ಇರಲಿಲ್ಲ. ಗೂಟ ಕಿತ್ತ ಗುಂಡಿಗಳು, ಹರಿದ ಟಿಕೆಟ್ಟುಗಳು, ಶೇಂಗಾ ಸಿಪ್ಪೆ. ನೆಲದ ಟಿಕೆಟ್ಟಿನವರು ಮುಂದಿನವರ ತಲೆ ಅಡ್ಡ ಬರದಂತೆ ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುವುದು ವಾಡಿಕೆ. ಆ ಗುಡ್ಡೆಗಳು ಮಾತ್ರ ನೂರಾರು, ಹಾಗೇ ಇದ್ದವು. ಒಂದೊಂದರ ನೆತ್ತಿಯಲ್ಲೂ ಕೂತವರ ತಗ್ಗು. ಎಲ್ಲವೂ ಪರದೆ ಇದ್ದ ಕಡೆಗೆ ಸಾಲಾಗಿದ್ದವು. ಸುಡುಬಿಸಿಲಿನಲ್ಲಿ ಅವುಗಳ ನಡುವೆ ನಡೆಯುವಾಗ ಯಾರಿಗೋ ಅಡ್ಡ ಬಂದಂತಾಗಿ ನಾನು ತಲೆ ಬಗ್ಗಿಸಿಕೊಂಡೇ ಹೋದೆ. ಆಮೇಲೆ ನನಗೇ ನಾಚಿಕೆಯಾಯಿತು.

ಬಯಲಿನ ಅಂಚಿನ ಬೋರಿನ ಹತ್ತಿರ ಇಬ್ಬರು ಹೆಂಗಸರು ಕೊಡ ಹಿಡಿದು ನಿಂತಿದ್ದರು. ಟೆಂಟು ಎಲ್ಲಿಗೆ ಹೋಯಿತೆಂದು ಕೇಳಿದೆ.

"ಜಗಳೂರಿಗೆ ಹೋತಂತೆ, ಎಂಟು ದಿನ ಆತು" ಅಂದಳು ಕಿರಿಯಳು. "ಆ ಯಜಮಾನ್ರು ಕೂಗೋ ಹೊತ್ತಿಗೇ ನಾವು ಒಲೆ ಹಚ್ತಿದ್ವಿ. ಈಗ ಹೊತ್ತೇ ಗೊತ್ತಾಗಲ್ಲ."

ಮುದುಕಿ ಕೊಡ ಕೆಳಗಿಟ್ಟಳು. "ಏನ್ ಮಾತಾಡ್ತೀಯೇ, ನಿನ್ನೆ ಸಂಜಿಕಡಿಗೂ ಕೂಗಿದ್ರಲ್ಲ. ಈ ಬಯಲಾಗೇ ಕೂಗಿದ್ರು."

"ಈ ಅಮ್ಮನಿಗೆ ಕಿವಿ ಮಂದ್ರಿ" ಎಂದು ಕಿರಿಯಳು ನಕ್ಕಳು. ಮುದುಕಿ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, "ಹೆಸ್ರು ಹೇಳೋ ಹೊತ್ತಿಗೆ ಸುಮ್ನಾಗಿಬಿಟ್ರು ತಾಯಿ, ಮರೆತು ಹೋದೋರಂಗೆ" ಅಂದಳು. ಅವರು ಬದುಕಿಲ್ಲ ಎಂದು ಹೇಳಹೊರಟವಳು ಬೊಗಸೆಯೊಡ್ಡಿ ನೀರು ಕೇಳಿದೆ. ನೀರು ಕುಡಿದು ಬಸ್‌ಸ್ಟ್ಯಾಂಡಿಗೆ ಬಂದೆ.

ದಾವಣಗೆರೆಗೆ ಹೋಗುವ ಬಸ್ಸು ಸೂಳೆಕೆರೆಯ ಏರಿಯ ಮೇಲೆ ಕೆಟ್ಟು ನಿಂತಿತು. ರೇಡಿಯೇಟರಿಗೆ ನೀರು ತರಲು ಕ್ಲೀನರು ಡಬ್ಬ ಹಿಡಿದು ಇಳಿದ. ನಾವೂ ಇಳಿದೆವು. ಬೇಸಿಗೆಯಲ್ಲೂ ನೀರು ಕಣ್ಣು ಹಾಯುವವರೆಗೆ ಇತ್ತು, ಗಾಳಿ ಇರಲಿಲ್ಲ, ಒಂದು ಅಲೆಯೂ ಇರಲಿಲ್ಲ. ಅಲ್ಲಿ ಕೂತು ರೊಟ್ಟಿ ಬಿಚ್ಚಿದಾಗ ನನಗೊಂದು ಸಂಗತಿ ಹೊಳೆಯಿತು. ಅಪ್ಪ ಮೈಕಿನಲ್ಲಿ ಕೂಗುವ ದನಿ ನನಗೆ ಚೆನ್ನಾಗಿ ನೆನಪಿತ್ತು. ಮನೆಯಲ್ಲಿ ಮಾತಾಡುವ ದನಿ ಎಷ್ಟು ನೆನೆದರೂ ಬರಲಿಲ್ಲ. ನನ್ನನ್ನು ಹೆಸರು ಹಿಡಿದು ಕರೆದದ್ದನ್ನು ನೆನೆದರೆ ಅದೂ ಲೌಡ್‌ಸ್ಪೀಕರಿನಲ್ಲಿ ಕರೆದ ಹಾಗೇ ಕೇಳುತ್ತಿತ್ತು. ಮನೆಯ ಅಪ್ಪ ಹನ್ನೊಂದೇ ತಿಂಗಳಲ್ಲಿ ಎಲ್ಲಿಗೆ ಹೋದರು? ರೊಟ್ಟಿಯನ್ನು ಮತ್ತೆ ಕಟ್ಟಿಟ್ಟೆ.

ಕತ್ತಲಗೆರೆ ದಾಟಿ ದಾವಣಗೆರೆ ಸೇರುವಾಗ ಸಂಜೆಯಾಗಿತ್ತು. ಚಿಕ್ಕವ್ವನ ಮನೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಜಗಳೂರು ಬಸ್ಸು ಹಿಡಿದೆ. ಬಿಳಿಚೋಡು ಬರುವ ಹೊತ್ತಿಗೆ ಕುರಿಮಂದೆಗಳು ರಸ್ತೆಗೆ ಅಡ್ಡ ಬರತೊಡಗಿದವು. ಡ್ರೈವರು ಹಾರನ್ನಿನ ಮೇಲೆ ಕೈಯಿಟ್ಟವನು ಜಗಳೂರಿನವರೆಗೂ ತೆಗೆಯಲಿಲ್ಲ.

ಬಸ್ಸಿಳಿದಾಗ ಹನ್ನೊಂದೂವರೆ. ಬೀದಿಯಲ್ಲಿ ಜನ ಇರಲಿಲ್ಲ, ಅಂಗಡಿಗಳು ಗೋಣಿ ಪರದೆ ಇಳಿಬಿಟ್ಟಿದ್ದವು. ಸೋಡಾ ಅಂಗಡಿಯ ನೆರಳಿಗೆ ಹೋಗುತ್ತಿದ್ದೆ. ಆಗ ಹಿಂದಿನಿಂದ ಅಪ್ಪ ಮಾತಾಡಿದರು.

"ಊರಿನ ಸಮಸ್ತ ಕಲಾರಸಿಕರೇ, ನಿಮ್ಮೆಲ್ಲರ ಮೆಚ್ಚಿನ ಟೆಂಟಿನಲ್ಲಿ, ಇಂದಿನಿಂದ..."

ತಿರುಗಲು ಆಗಲಿಲ್ಲ. ಅದೇ ಎಳೆತ, ಅದೇ 'ಇಂದಿನಿಂದ' ಎಂಬಲ್ಲಿನ ಏರು. ಮರುಕ್ಷಣವೇ ಬೇರೊಂದು ಒಡಕು ದನಿ ಗಂಟಲು ಹರಿಯುವಂತೆ ಚಿತ್ರದ ಹೆಸರು ಕೂಗಿತು. ಅಪ್ಪ ತೀರಿಕೊಂಡಾಗ ಆ ಚಿತ್ರ ಇನ್ನೂ ತಯಾರೇ ಆಗಿರಲಿಲ್ಲ. "ದಿನವೂ ಎರಡು ಆಟಗಳು" ಎಂದು ಅಪ್ಪ ಮುಂದುವರಿಸಿದರು, ಎಲ್ಲಾ ಬಲ್ಲವರ ಹಾಗೆ. ಗಾಡಿ ನನ್ನನ್ನು ಹಾದು ಹೋಯಿತು. ಸೋಡಾ ಅಂಗಡಿಯವನು ನನ್ನನ್ನು ನೋಡಿ, ಕೇಳದೆಯೇ ಸ್ಟೂಲು ಎಳೆದು ಕೊಟ್ಟ. ನಾನು ಅಲ್ಲೇ ಕೂತು ಅತ್ತೆ.

ಸಾವರಿಸಿಕೊಂಡು ಗಾಡಿಯ ಹಿಂದೆ ಟೆಂಟಿಗೆ ಹೋದೆ. ಮ್ಯಾನೇಜರು ಒಳ್ಳೆಯ ಮನುಷ್ಯರೇ. ಕುರ್ಚಿ ಹಾಕಿಸಿದರು, ಅಪ್ಪನನ್ನು ಹೊಗಳಿದರು. ಕ್ಯಾಸೆಟ್ ಎಂದೊಡನೆ ಮಾತ್ರ ಮುಖ ಗಂಟಾಯಿತು. "ಆ ದನಿಗೇ ಜನ ಬರೋದು ಟೀಚರ್. ಮನ್ಯಾಗೆ ಇಟ್ಕೊಂಡು ಏನ್ ಮಾಡ್ತೀರಿ? ಇಲ್ಲಾದ್ರೆ ಅವರು ಇನ್ನೂ ಕೆಲ್ಸ ಮಾಡ್ತಾ ಇದ್ದಂಗೆ ಐತೆ."

"ನಮ್ಮವ್ವ ಒಂದೇ ಹೊತ್ತು ಉಣ್ಣುತ್ತಿದ್ದಾಳೆ. ನೀವು ಕೊಡದಿದ್ದರೆ ಅದನ್ನೂ ಬಿಡುತ್ತಾಳೆ" ಅಂದೆ.

ಅಷ್ಟರಲ್ಲಿ ಎತ್ತು ಬಿಚ್ಚಿ ಬಂದ ಗಾಡಿಯವರು ಬಾಗಿಲಲ್ಲಿ ನಿಂತರು. ಒಡಕು ದನಿ ಅವರದೇ. ಹೆಸರು ಬಾಷಾ, ಐವತ್ತು ದಾಟಿದ ಮನುಷ್ಯ, ಅಪ್ಪನ ಜೊತೆ ಹತ್ತು ವರ್ಷ ಗಾಡಿ ಹೊಡೆದವರು. "ಕೊಟ್ಬಿಡ್ರಿ ಸಾಹೇಬ್ರೆ" ಅಂದರು. "ನಾಳಿಂದ ಪೂರ್ತಿ ನಾನೇ ಕೂಗ್ತೀನಿ. ಕೊಡಲ್ಲ ಅಂದ್ರೆ ನಾನು ಗಾಡಿ ಹತ್ತಲ್ಲ."

"ಯಾಕೋ, ಏನಾತು ನಿಂಗೆ?"

ಬಾಷಾ ನನ್ನ ಕಡೆ ತಿರುಗಿದರು. "ಹೆಸ್ರು ಕೂಗಾಕೆ ನಿಮ್ಮಪ್ಪಾರು ಜಾಗ ಬಿಟ್ಟಾರಲ್ಲ ಅವ್ವಾ, ಆ ಜಾಗದಾಗೆ ಯಾರೋ ಮಾತಾಡ್ತಾರೆ. ಸಣ್ಣಗೆ. ನನ್ನ ಕಿವಿ ಹತ್ರ. ಮೊದ್ಲು ಎತ್ತಿನ ಗೆಜ್ಜೆ ಅಂದ್ಕಂಡೆ. ಗೆಜ್ಜೆ ಬಿಚ್ಚಿ ಹಾಕ್ದೆ, ಆದ್ರೂ ಕೇಳ್ತು. ಅದಕ್ಕೇ ಗಂಟ್ಲು ಕಿತ್ತು ಹೋಗಂಗೆ ಕೂಗ್ತೀನಿ, ಅದು ಕೇಳಬಾರ್ದು ಅಂತ. ಹನ್ನೊಂದು ತಿಂಗ್ಳಾತು ಕೂಗಾಕೆ ಹತ್ತಿ."

ಏನು ಮಾತು ಎಂದು ಕೇಳಿದೆ. "ನಾನು ಕೇಳಿಸ್ಕಂಡಿಲ್ಲ. ನನಗೆ ಹೇಳೋ ಮಾತಲ್ಲ ಅದು" ಅಂದರು. ಮ್ಯಾನೇಜರು ಎದ್ದು ಹೋಗಿ ಗಾಡಿಯಿಂದ ಕ್ಯಾಸೆಟ್ ತಂದು ನನ್ನ ಕೈಯಲ್ಲಿಟ್ಟರು. ಬಿಸಿಲಿಗೆ ಅದು ಬೆಚ್ಚಗಿತ್ತು.

ಬಂದ ದಾರಿಯಲ್ಲೇ ಮರಳಿದೆ. ಚೀಲವನ್ನು ಬಸ್ಸಿನ ಅಟ್ಟದ ಮೇಲೆ ಇಡಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡೆ. ಪಕ್ಕದ ಸೀಟು ಖಾಲಿಯಿದ್ದರೂ ದಾವಣಗೆರೆಯವರೆಗೆ ಯಾರೂ ಅಲ್ಲಿ ಕೂರಲಿಲ್ಲ. ನಿಂತವರೂ ಕೂರಲಿಲ್ಲ. ಇದಕ್ಕೂ ಏನೋ ಕಾರಣ ಇರಲೇಬೇಕು, ವಿಜ್ಞಾನದ ಪುಸ್ತಕದಲ್ಲಿ ನನಗೆ ಸಿಕ್ಕಿಲ್ಲ.

ಮೂರನೆಯ ದಿನ ಮಧ್ಯಾಹ್ನ ನ್ಯಾಮತಿ ಸೇರಿದೆ. ರುದ್ರಣ್ಣ ತಮ್ಮ ಟೇಪ್‌ರೆಕಾರ್ಡರ್ ತಂದಿಟ್ಟು, ಇದು ನಿಮ್ಮ ಮನೆ ಮಾತು ಎಂದು ಹೊರಟುಹೋದರು. ಬೀದಿಯಲ್ಲಿ ಹಿಟ್ಟಿನ ಗಿರಣಿಯ ಸದ್ದಿತ್ತು. ಅವ್ವ ಬಾಗಿಲು ಹಾಕಿ ಚಿಲಕವಿಟ್ಟು ಬಂದು ನೆಲದ ಮೇಲೆ ಕೂತಳು. ನಾನು ಗುಂಡಿ ಒತ್ತಿದೆ.

"ಊರಿನ ಸಮಸ್ತ ಕಲಾರಸಿಕರೇ, ನಿಮ್ಮೆಲ್ಲರ ಮೆಚ್ಚಿನ ಟೆಂಟಿನಲ್ಲಿ, ಇಂದಿನಿಂದ..."

ಇಲ್ಲಿ ಬಾಷಾ ಇರಲಿಲ್ಲ. ಟೇಪು ಸುಯ್ಯೆಂದು ಓಡುತ್ತಿತ್ತು. ಆ ಸದ್ದಿನ ಒಳಗಿನಿಂದ, ಮೈಕಿನಿಂದ ಮುಖ ತಿರುಗಿಸಿ ಆಡಿದಂಥ ಒಂದು ಸಣ್ಣ, ದಣಿದ ದನಿ ಬಂತು. ಮನೆಯ ದನಿ.

"ಗಿರಿಜಾ, ಬಾಗಿಲು ತೆಗಿ. ನಾನು ಬಂದೀನಿ."

"ದಿನವೂ ಎರಡು ಆಟಗಳು" ಎಂದು ದೊಡ್ಡ ದನಿ ಮುಂದುವರಿಯಿತು. ಟೆಂಟಿನಿಂದ ಮನೆಗೆ ಬಂದಾಗಲೆಲ್ಲ ಅಪ್ಪ ಹೊರಗೆ ನಿಂತು ಅವ್ವನ ಹೆಸರು ಹಿಡಿದು ಹೇಳುತ್ತಿದ್ದ ಮಾತದು. ಒಂದು ಚಿತ್ರದ ಹೆಸರು ಕೂಗಲು ಎಷ್ಟು ಹೊತ್ತು ಬೇಕೆಂದು ಅಳೆಯಲು ಅವರಿಗೆ ಗಡಿಯಾರ ಬೇಕಿರಲಿಲ್ಲ, ಖಾಲಿ ಬಿಟ್ಟ ಜಾಗದಲ್ಲಿ ಈ ಮಾತನ್ನೇ ಮೆಲ್ಲಗೆ ಹೇಳಿಕೊಂಡಿದ್ದರು. ಅದರ ಮೇಲೆ ಊರೂರಿನಲ್ಲಿ ಬಾಷಾ ಕೂಗಿದ್ದರು. ನಾನು ಕೈ ಚಾಚಿ ಟೇಪು ನಿಲ್ಲಿಸಿದೆ.

ಅವ್ವ ಅಳಲಿಲ್ಲ. ಮೊಣಕಾಲಿಗೆ ಕೈಯೂರಿ ಎದ್ದಳು, ಸೆರಗು ಸರಿಮಾಡಿಕೊಂಡಳು, ಹೋಗಿ ಚಿಲಕ ತೆಗೆದಳು. ಹೊರಗೆ ಬರೀ ಬಿಸಿಲು. ಅವ್ವ ಒಂದು ಪಕ್ಕಕ್ಕೆ ಸರಿದು, ಒಬ್ಬರು ಒಳಗೆ ಬರುವಷ್ಟು ಹೊತ್ತು ಸುಮ್ಮನೆ ನಿಂತಳು. ಆಮೇಲೆ ಬಾಗಿಲು ಹಾಕಿ, ನನ್ನನ್ನು ನೋಡದೆಯೇ ಹೇಳಿದಳು.

"ಒಂದು ತಂಬಿಗೆ ನೀರು ತಗೊಂಡು ಬಾ. ಕಾಲು ತೊಳ್ಕಳ್ಳಾಕೆ."

ನಾನು ಎದ್ದು ಹೋಗಿ ತಂದುಕೊಟ್ಟೆ.