ಪುದೀನಾ ಹೂವು, ಪೈಪು, ಖೈರುನಕ್ಕನ ಬಾವಿ

ವಿನೋಬನಗರದಲ್ಲಿ ನಮ್ಮ ಮನೆ ಮುಂದಿನ ರಸ್ತೆ ಅಗೆದು ಹಾಕಿದ್ದಾರೆ. ಒಳಚರಂಡಿ ಪೈಪ್ ಬದಲಾಯಿಸ್ತಾರಂತೆ. ಮೊನ್ನೆ ಊಟ ಮುಗಿಸಿ, ಮೂಲೆ ಅಂಗಡಿ ಬೀಡಾ ಒಂದು ಬಾಯಿಗಿಟ್ಕೊಂಡು, ಹೊಸ ಪೈಪ್ ಹೆಂಗೆ ಕೂರಿಸಿದ್ದಾರೆ ನೋಡೋಣ ಅಂತ ಬಗ್ಗಿದೆ. ಘಮ್ ಅಂತ ಪೆಪ್ಪರ್‌ಮೆಂಟ್ ವಾಸನೆ. ಚರಂಡೀಲಿ ಕೆಟ್ಟ ವಾಸನೆ ಬಂದ್ರೆ ನೀವು ಅನುಮಾನ ಪಡ್ತೀರಿ. ನಾನು ಒಳ್ಳೆ ವಾಸನೆ ಬಂದ್ರೆ ಅನುಮಾನ ಪಡೋನು. ಯಾಕೆ ಅಂತ ಹೇಳ್ತೀನಿ, ಕೂತ್ಕೊಳ್ಳಿ.

ಅರವತ್ತನೇ ಇಸವಿ ಆಸುಪಾಸಿನ ಮಾತು. ನಾನಾಗ ಭದ್ರಾವತೀಲಿ, ಕ್ವಾರ್ಟರ್ಸ್‌ಗಳಿಗೆ ಚರಂಡಿ ಪೈಪ್ ಹಾಕೋ ಕಂಟ್ರಾಕ್ಟರ್ ಒಬ್ಬರ ಹತ್ರ ಮೇಲ್ವಿಚಾರಣೆ ಮಾಡ್ಕೊಂಡಿದ್ದೆ. ಇಳಿಜಾರು ನನಗೆ ಬರಿಗಣ್ಣಿಗೇ ಗೊತ್ತಾಗ್ತಿತ್ತು. ರಸಮಟ್ಟ ಇಟ್ಟು ನೋಡ್ತಿದ್ದದ್ದು ಬೇರೆಯವರ ಸಮಾಧಾನಕ್ಕೆ. ಪೈಪ್ ಮಟ್ಟಸ ಮಲಗಿದ್ರೆ ಎಲ್ಲಾ ಅಲ್ಲೇ ನಿಲ್ಲತ್ತೆ. ತೀರಾ ಇಳುಕಲಾದ್ರೆ ನೀರು ಮುಂದೆ ಓಡತ್ತೆ, ಮಿಕ್ಕಿದ್ದು ಹಿಂದೆ ಉಳಿಯತ್ತೆ. ಗಂಡ ಹೆಂಡ್ತಿ ಸಂತೆಗೆ ಹೋದ ಹಾಗೆ, ಇಬ್ರೂ ಜೊತೇಲಿ ನಡೀಬೇಕು. ಈ ವಿದ್ಯೆ ಶಿವಮೊಗ್ಗದೋರಲ್ಲಿ ನನಗೊಬ್ಬನಿಗೇ ಗೊತ್ತು ಅಂತ ಊರೆಲ್ಲ ಹೆಸರಾಗಿತ್ತು. ಹೇಳ್ಕೊಂಡು ತಿರುಗ್ತಿದ್ದೋನು ನಾನೇ ಅನ್ನಿ.

ಆಗ ಭಾವ, ಅಂದ್ರೆ ನಮ್ಮಕ್ಕನ ಗಂಡ, ಶಿವಮೊಗ್ಗದಲ್ಲಿ ಮನೆ ಕಟ್ಟಿಸಿ, ಒಳಗೇ ಪಾಯಿಖಾನೆ ಮಾಡಿಸೋಕೆ ಹೊರಟ್ರು. ಪೈಪ್ ಕೆಲಸ ನನ್ನ ತಲೆಗೆ. ಭಾವನೋ, ಹಾಲಿನೋನು ಬಂದ್ರೆ ಮೊದಲು ಅವನ ಕೈ ಒದ್ದೆಯಾಗಿದ್ಯಾ ಅಂತ ನೋಡೋರು. ಅವರನ್ನೂ ಮೀರಿಸಿದ ಅನುಮಾನದೋರು ಪಕ್ಕದ ಮನೆ ಖೈರುನಕ್ಕ. ಗಂಡ ಲಾರಿ ಡ್ರೈವರು, ವಾರಗಟ್ಟಲೆ ದಾರಿ ಮೇಲೆ. ಮನೆ ಯಜಮಾನಿಕೆ ಪೂರ್ತಿ ಇವರದೇ. ಅವರ ಅಂಗಳದ ಬಾವಿ ನೀರನ್ನೇ ಎರಡು ಮನೆಯೋರೂ ಕುಡೀತಿದ್ದದ್ದು. ಗಿಡ್ಡ ಗೋಡೆಯ ಆಚೆ ಅವರು ಸೇದೋರು, ಈಚೆ ಅಕ್ಕ ಕೊಡ ಒಡ್ಡೋಳು. ಊರಿನ ಸಮಾಚಾರ ಎಲ್ಲಾ ಆ ನೀರಿನ ಜೊತೆಗೇ ಬರ್ತಿತ್ತು.

ಜಾಗ ಇಕ್ಕಟ್ಟು. ಹಿತ್ತಲ ಸೆಪ್ಟಿಕ್ ಟ್ಯಾಂಕಿಗೆ ಹೋಗೋ ಪೈಪು ಆ ಬಾವಿ ಕಡೆ ಹಾಯ್ಲೇಬೇಕಾಗಿತ್ತು. ಆದಷ್ಟು ದೂರ ಸರಿಸಿ, ಬಾವಿ ಕಡೆ ಹಾಯೋ ಭಾಗಕ್ಕೆ ಮಣ್ಣಿನ ಪೈಪ್ ಬಿಟ್ಟು ಬೀಡುಕಬ್ಬಿಣದ್ದೇ ಹಾಕಿಸಿದೆ. ಖೈರುನಕ್ಕ ಗೋಡೆ ಮೇಲೆ ಮೊಣಕೈ ಊರಿ ಎಲ್ಲಾ ನೋಡಿದ್ರು. ಆಮೇಲೆ, "ಏ ಭದ್ರಾವತಿ," ಅಂದ್ರು. ನನ್ನ ಹೆಸರನ್ನ ಅವರು ಕೇಳಿದ್ದೇ ಇಲ್ಲ. "ಒಂದು ಹನಿ ಸೋರ್ಲಿ, ಬಾವಿ ಹಗ್ಗ ಬಿಚ್ಚಿಬಿಡ್ತೀನಿ."

ನನಗೆ ರೋಷ ಬಂತು. ಭದ್ರಾವತೀಲಿ ಕಲಿತ ದೊಡ್ಡ ಪರೀಕ್ಷೆ ಮಾಡಿಯೇ ತೋರಿಸ್ತೀನಿ ಅಂದೆ. ಮೇಲಿನ ತುದೀಲಿ ಪೆಪ್ಪರ್‌ಮೆಂಟ್ ಎಣ್ಣೆ, ಹಿಂದೇನೇ ಬಿಸಿನೀರು ಹುಯ್ಯೋದು. ಕೆಳಗೆ ಪೈಪಿಗೆ ಪೈಪ್ ಸೇರೋ ಪ್ರತಿ ಕೀಲೂ ಮೂಸೋದು. ವಾಸನೆ ಬಂದ್ರೆ ಅಲ್ಲಿ ಬಿರುಕು. ಹುಯ್ದೋನು ಮಾತ್ರ ಮೂಸೋ ಹಾಗಿಲ್ಲ, ಅವನ ಕೈಯಲ್ಲೇ ವಾಸನೆ ಇರತ್ತೆ. ಬೇರೆ ಮೂಗು ಬೇಕು. ಖೈರುನಕ್ಕ, "ನನ್ನದೇ ಮೂಗು," ಅಂತ ಚರಂಡಿ ಗುಂಡಿಗೆ ಇಳಿದೇಬಿಟ್ರು. ಬಾಯಲ್ಲಿ ಪೆಪ್ಪರ್‌ಮೆಂಟ್ ಗಿಪ್ಪರ್‌ಮೆಂಟ್ ಇಲ್ವಲ್ಲ ಅಂತ ಮೊದಲೇ ಕೇಳಿದೆ. "ಪೆಪ್ಪರ್‌ಮೆಂಟ್ ಚೀಪೋ ವಯಸ್ಸಾ ನಂದು?" ಅಂತ ಬೈಸ್ಕೊಂಡೆ.

ಹುಯ್ದೆ. ಮೊದಲನೇ ಕೀಲಲ್ಲಿ ಮೂಸಿದ್ರು, ವಾಸನೆ ಐತೆ ಅಂದ್ರು. ಎರಡನೇದ್ರಲ್ಲೂ ಐತೆ. ಎಲ್ಲಾದ್ರಲ್ಲೂ ಐತೆ. ಎದ್ದು ಹೋಗಿ ಬಾವಿಗೂ ಬಗ್ಗಿದ್ರು. ಅಲ್ಲೂ ಐತೆ. ರಾಟೆಯಿಂದ ಹಗ್ಗ ಎಳ್ಕೊಂಡು, ಸುತ್ತಿ, ಕಂಕುಳಲ್ಲಿ ಇಟ್ಕೊಂಡು ಒಳಗೆ ಹೋದ್ರು.

ಭಾವ ನನ್ನ ಕಡೆ ತಿರುಗಿ, "ನಿಂದೇ ಕಿತಾಪತಿ," ಅಂದ್ರು. ಅವರು ಅನ್ನೋದಕ್ಕೂ ಕಾರಣ ಇತ್ತು. ಪಾಯಿಖಾನೆ ಮೇಲಿನ ಗಾಳಿ ಕೊಳವೆಗೆ ಕಿವಿ ಇಟ್ರೆ ಬೆಂಗಳೂರು ರೇಡಿಯೋ ಕೇಳತ್ತೆ ಅಂತ ಹಿಂದಿನ ವಾರ ನಾನೇ ಅವರನ್ನ ಏಣಿ ಹತ್ತಿಸಿದ್ದೆ. ಪಾಪ, ಬಹಳ ಹೊತ್ತು ಕೇಳಿದ್ರು. ಇಳಿದು, ವಾರ್ತೆ ಸರಿಯಾಗಿ ಕೇಳ್ಸಲ್ಲ ಅಂದ್ರು. ಇಂಥ ಅಳಿಮಯ್ಯ ಸಿಕ್ಕಿದ್ದು ನಮ್ಮಪ್ಪನ ಪುಣ್ಯ.

ಅಕ್ಕ ಬೀದಿ ನಲ್ಲಿ ಸಾಲಿಗೆ ನಿಂತಳು. ನೀರು ಹೊರೋದಕ್ಕೆ ಅಳಲಿಲ್ಲ. ಆ ಗೋಡೆ ಹತ್ರ ಹೋಗಿ ಖಾಲಿ ಕೊಡ ಹಿಡ್ಕೊಂಡು ವಾಪಸ್ ಬಂದಾಗ ಅತ್ತಳು. ನಾನಂತೂ ಎಲ್ಲರನ್ನೂ ಅನುಮಾನಿಸಿದೆ. ಗಾರೆಯೋನು ಸಿಮೆಂಟ್ ಕಮ್ಮಿ ಮಾಡಿದ್ನಾ? ಖೈರುನಕ್ಕನೇ ನೀರು ಕೊಡೋಕೆ ಬೇಜಾರಾಗಿ ಸುಳ್ಳು ಹೇಳಿದ್ರಾ?

ಅದೊಂದು ಕೇಳೇಬಿಡೋಣ ಅಂತ ಅವರ ಜಗಲಿಗೆ ಹೋದೆ. ಸಿಟ್ಟಲ್ಲಿದ್ರೂ ಬಂದೋರಿಗೆ ಎಲೆ ಅಡಿಕೆ ಕೊಡ್ದೆ ಇರೋರಲ್ಲ. ಚೀಲ ಬಿಚ್ಚಿ, ಸುಣ್ಣ ಹಚ್ಚಿ, ಸಕ್ಕರೆ ಹರಳಿನ ಥರದ್ದು ಏನೋ ಚೂರು ಹಾಕಿ ಮಡಚಿ ಕೊಟ್ರು. ಬಾಯಿಗೆ ಇಟ್ಟೆ. ಮೂಗಿನ ತನಕ ತಣ್ಣಗಾಯ್ತು.

"ಏನಕ್ಕಾ ಇದು?"

"ಪುದೀನೆ ಕಾ ಫೂಲ್."

ಪುದೀನಾ ಹೂವು ಅಂತ ಹೆಸರಷ್ಟೇ, ಅದು ಪೆಪ್ಪರ್‌ಮೆಂಟಿನ ಸತ್ವದ್ದೇ ಹರಳು. ಅವತ್ತು ಮೂಸುವಾಗ್ಲೂ ಬಾಯಲ್ಲಿ ಇತ್ತಾ ಅಂದೆ. ಎಲೆ ಇಲ್ದೆ ನಾನು ಯಾವತ್ತು ಇದ್ದೆ ಅಂದ್ರು. ಮತ್ತೆ ಪೆಪ್ಪರ್‌ಮೆಂಟ್ ಇಲ್ಲ ಅಂದ್ರಲ್ಲ ಅಂತ ಕೇಳಿದೆ.

"ಪೆಪ್ಪರ್‌ಮೆಂಟ್ ಅಂದ್ರೆ ಮಕ್ಕಳು ತಿನ್ನೋದು. ಇದು ಹೂವು," ಅಂದ್ರು. ಹೇಳ್ತಾ ಹೇಳ್ತಾ ಅವರ ದವಡೆ ನಿಂತಿತು. ತಮ್ಮ ಉಸಿರನ್ನೇ ಗುಂಡಿ ತುಂಬ ಮೂಸಿದ್ರು ಮಾರಾಯ್ತಿ. ಬಾವಿ ಕೂಡ ಅದನ್ನೇ ವಾಪಸ್ ಕೊಟ್ಟಿತ್ತು. ಒಪ್ಕೊಳ್ತಾರೆ ಅಂದ್ಕೊಂಡೆ. ಚೀಲ ನೋಡಿದ್ರು, ನನ್ನ ಮುಖ ನೋಡಿದ್ರು. "ಇದನ್ನ ನನ್ನ ಚೀಲಕ್ಕೆ ನೀನೇ ಹಾಕಿಲ್ಲ ತಾನೆ?"

ಕೊನೆಗೆ ನೀರಿನ ಪರೀಕ್ಷೆ ಅಂತ ಆಯ್ತು. ಪೈಪಿನ ಕೆಳಗಿನ ಬಾಯಿ ಬಿಗಿಯಾಗಿ ಮುಚ್ಚಿ, ಮೇಲಿನ ಸಿಮೆಂಟ್ ಗುಂಡಿ ತನಕ ನೀರು ತುಂಬಿ, ಮಟ್ಟಕ್ಕೆ ಇದ್ದಲಲ್ಲಿ ಗೆರೆ ಎಳೆದೆ. ಖೈರುನಕ್ಕ ಬಾಯಿ ಮುಕ್ಕಳಿಸಿ, ಮಣೆ ಹಾಕ್ಕೊಂಡು ಎದುರಿಗೆ ಕೂತ್ರು. ನೀರು ಒಂದು ಎಳೆ ಇಳೀತು. ಅಕ್ಕ ಸೆರಗು ಬಾಯಿಗೆ ಒತ್ಕೊಂಡಳು. ಒಣ ಸಿಮೆಂಟ್ ಕುಡೀತಿದೆ, ಅಷ್ಟೇ ಅಂತ ಮತ್ತೆ ತುಂಬಿಸಿದೆ. ಆಮೇಲೆ ನಿಂತ ನೀರು ನಿಂತೇ ಇತ್ತು. ನಮಾಜಿಗೆ ಎದ್ದು ಹೋಗುವಾಗ ಅವರು ಕಾವಲಿಗೆ ಅಕ್ಕನ್ನ ಕೂರಿಸಿ ಹೋದ್ರು, ನನ್ನನ್ನಲ್ಲ.

ಸಂಜೆಗೂ ಗೆರೆ, ನೀರು ಎರಡೂ ಒಂದೇ ಕಡೆ. ಖೈರುನಕ್ಕ ಹಗ್ಗ ತಂದು ರಾಟೆಗೆ ಹಾಕಿ, ಮೊದಲ ಕೊಡ ತಾವೇ ಸೇದಿ ಗೋಡೆ ಈಚೆ ಕೊಟ್ರು. ಅಕ್ಕ ಅಲ್ಲೇ ಬೊಗಸೇಲಿ ಕುಡಿದಳು. ನಾನು ಎದೆ ಉಬ್ಬಿಸ್ಕೊಂಡು ನಿಂತಿದ್ದೆ. "ಪೈಪ್ ನಂಬ್ತೀನಿ ಭದ್ರಾವತಿ," ಅಂದ್ರು. "ನಿನ್ನ ನಂಬಲ್ಲ."

ಈಗ ಮೊನ್ನೆಯ ಗುಂಡಿಗೆ ಬರೋಣ. ಪೈಪ್ ಸೋರ್ತಿದೆ ಅಂತ ಆ ಸೈಟಿನ ಹುಡುಗ ಇಂಜಿನಿಯರ್ ಮೇಲೆ ಕೂಗೋಕೆ ಬಾಯಿ ತೆಗೆದೋನು, ಬಾಯಲ್ಲಿ ಬೀಡಾ ತಣ್ಣಗೆ ಕೊರೀತಿರೋದು ಗೊತ್ತಾಗಿ, ಸುಮ್ನೆ ಮುಚ್ಕೊಂಡೆ. ಉಗಿದು, ಮನೆಗೆ ಹೋಗಿ ಮುಕ್ಕಳಿಸಿ, ಬಂದು ಮತ್ತೆ ಮೂಸಿದೆ. ಬರೀ ಹಸಿ ಮಣ್ಣು. "ಏನಜ್ಜ, ಈಗ ನಂಬಿಕೆ ಬಂತಾ?" ಅಂದ ಹುಡುಗ.

"ನಿನ್ನ ನಂಬಲ್ಲ ಮಾರಾಯ, ನನ್ನ ಮೂಗನ್ನಂತೂ ನಂಬೋದೇ ಇಲ್ಲ," ಅಂದೆ. "ನೀರು ತುಂಬಿಸು. ನಾನು ಕುರ್ಚಿ ತಗೊಂಡ್ ಬರ್ತೀನಿ."